ಪ್ಯಾಶನ್ ಹಣ್ಣಿನ ಬಳ್ಳಿ ಬಾಡುತ್ತಿದ್ದರೆ ಮೊದಲು ಬುಡ ಕೆದಕಿ ನೋಡಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸೋಮವಾರಪೇಟೆ ಕಡೆ ಮನೆ ಹಿಂದಿನ ಚಪ್ಪರದಲ್ಲಿ ಹನ್ನೆರಡು ಬಳ್ಳಿ. ನೆಟ್ಟು ಎರಡು ವರ್ಷ. ಮಳೆ ಹಿಡಿದ ಮೇಲೆ ಎಲೆಯಲ್ಲೆಲ್ಲ ಕಂದು ಚುಕ್ಕೆ, ಎರಡು ಬಳ್ಳಿ ಒಂದೇ ವಾರದಲ್ಲಿ ಜೋತುಬಿದ್ದವು, ಇನ್ನೊಂದು ಬಳ್ಳಿಯ ಕಾಯಿ ಮಾತ್ರ ಸಣ್ಣಗೆ, ಕಲ್ಲಿನ ಹಾಗೆ ಗಟ್ಟಿ. ಯಾವ ಔಷಧ ಹೊಡೆಯಲಿ, ಮಕ್ಕಳು ಆ ಹಣ್ಣು ತಿನ್ನಬಹುದೇ ಎಂದು ಕೇಳಿದ್ದೀರಿ.

ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮ ಚಪ್ಪರದಲ್ಲಿ ಒಂದಲ್ಲ, ಮೂರು ರೋಗ ಇರುವಂತಿದೆ. ಚುಕ್ಕೆಗೆ ಸಿಂಪಡಣೆ ನಡೆಯುತ್ತದೆ. ಬಾಡಿದ್ದಕ್ಕೆ ಬುಡದಲ್ಲಿ ಕೆಲಸ ಮಾಡಬೇಕು. ಗಟ್ಟಿ ಕಾಯಿಗೆ ಔಷಧವೇ ಇಲ್ಲ. ಮೂರಕ್ಕೂ ಸೇರಿಸಿ ಒಂದೇ ಡಬ್ಬ ತಂದು ಹೊಡೆದರೆ ಏನಾಗುತ್ತದೆ ಎನ್ನುವುದನ್ನು ನಾನು ಅನುಭವಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮದು ಸುಂಟಿಕೊಪ್ಪದ ಹತ್ತಿರ ರೊಬಸ್ಟಾ ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಅಂಗಳದ ಕೆಳಗೆ ಐದಾರು ಸೆಂಟಿನಲ್ಲಿ ಮೂವತ್ತೆರಡು ಪ್ಯಾಶನ್ ಬಳ್ಳಿ ಹಾಕಿದ್ದೆವು. 2018ರ ಆಗಸ್ಟಿನ ಮಳೆ ಹೇಗಿತ್ತೆಂದು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ನಮಗೆ ಗುಡ್ಡ ಜಾರಲಿಲ್ಲ, ದೇವರು ದೊಡ್ಡವನು. ಆದರೆ ಚಪ್ಪರದ ಕೆಳಗೆ ಹತ್ತು ದಿನ ನೀರು ಬಸಿಯಲೇ ಇಲ್ಲ. ಮಳೆ ಸ್ವಲ್ಪ ಬಿಟ್ಟಾಗ ಎಲೆಗಳು ಹಸಿರಾಗಿಯೇ ಜೋತುಬಿದ್ದವು. ಔಷಧದ ಅಂಗಡಿಯಲ್ಲಿ ಒಂದು ಎಲೆ ತೋರಿಸಿದೆ, ಎಲೆಚುಕ್ಕೆ ಎಂದು ಪುಡಿ ಕೊಟ್ಟರು. ಎರಡು ಸಲ ಹೊಡೆದೆ. ಹದಿನಾಲ್ಕು ಬಳ್ಳಿ ಹೋದವು. ಹೋದ ಮೇಲೆ ಕಿತ್ತು ನೋಡಿದರೆ ಬುಡದ ಸಿಪ್ಪೆ ಬೆರಳಿಗೇ ಜಾರಿ ಬರುತ್ತಿತ್ತು. ಅಷ್ಟು ದಿನ ನಾನು ಎಲೆಯನ್ನೇ ನೋಡುತ್ತಾ ನಿಂತಿದ್ದೆ.

ಹಾಗಾಗಿ ನೀವು ನಾಳೆ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ ಇದು. ಜೋತುಬಿದ್ದ ಬಳ್ಳಿಯ ಬುಡದಲ್ಲಿ ಮಣ್ಣನ್ನು ನಾಲ್ಕು ಬೆರಳಿನಷ್ಟು ಕೆದಕಿ, ಕಾಂಡ ಒರೆಸಿ ನೋಡಿ. ಮಣ್ಣಿನ ಮಟ್ಟದಲ್ಲಿ ಸಿಪ್ಪೆ ಕಂದಾಗಿ, ಮೆತ್ತಗಾಗಿ, ಸೀಳು ಬಿಟ್ಟಿದ್ದರೆ ಅದು ಬುಡ ಕೊಳೆ. ನಿಂತ ನೀರಿನಲ್ಲಿ ಫೈಟಾಫ್ತೊರ ಜಾತಿಯ ರೋಗಾಣು ಇದನ್ನು ತರುತ್ತದೆ. ಮೆಣಸಿನ ಬಳ್ಳಿ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಸೊರಗುವುದೂ ಇದೇ ಬಳಗದ ರೋಗಾಣುವಿನಿಂದ. ಮಣ್ಣಿನಲ್ಲಿರುವ ಫ್ಯುಸೇರಿಯಂ ಜಾತಿಯ ಶಿಲೀಂಧ್ರವೂ ಗಾಯದ ಮೂಲಕ ನುಗ್ಗಿ ಬುಡ ಕೊಳೆಸುತ್ತದೆ. ಆ ಗಾಯ ಹೆಚ್ಚಾಗಿ ನಾವೇ ಮಾಡಿದ್ದು, ಕಳೆ ಹೊಡೆಯುವ ಮೆಷಿನ್ನಿನ ತಂತಿ ತಾಗಿದ್ದು. ನಿಮ್ಮ ಬಳ್ಳಿಯ ಬುಡದಲ್ಲಿ ಅಂಥ ಗೀರು ಇದೆಯೇ ನೋಡಿ.

ಸಿಪ್ಪೆ ಚೆನ್ನಾಗಿಯೇ ಇದ್ದೂ ಬಳ್ಳಿ ಬಾಡಿದ್ದರೆ ಬುಡದಿಂದ ಒಂದು ಗೇಣು ಮೇಲೆ ಕತ್ತರಿಸಿ, ಕಾಂಡವನ್ನು ಉದ್ದಕ್ಕೆ ಸೀಳಿ. ಸಿಪ್ಪೆಯ ಒಳಗಿನ ಕಟ್ಟಿಗೆ ಭಾಗದಲ್ಲಿ ಕಂದು ಗೆರೆ ಮೇಲಕ್ಕೆ ಓಡಿದ್ದರೆ ಅದು ಫ್ಯುಸೇರಿಯಂ ಸೊರಗು ರೋಗ. ಸಾಮಾನ್ಯವಾಗಿ ಇದು ಬಳ್ಳಿಯ ಒಂದು ಮಗ್ಗುಲಿನಲ್ಲಿ ಮೊದಲು ಕಾಣಿಸಿ, ಆಮೇಲೆ ಪೂರ್ತಿ ಆವರಿಸುತ್ತದೆ. ನೀರು ಸಾಗಿಸುವ ನಾಳಗಳೇ ಕಟ್ಟಿಹೋಗಿರುವುದರಿಂದ ಈ ಹಂತದಲ್ಲಿ ಬುಡಕ್ಕೆ ಏನು ಸುರಿದರೂ ಮೇಲೇರುವುದಿಲ್ಲ.

ಬುಡ ಕೊಳೆಯಾದರೆ ಇನ್ನೂ ಆಸೆ ಇದೆ. ಕೊಳೆತದ್ದು ಕಾಂಡದ ಸುತ್ತಳತೆಯ ಅರ್ಧಕ್ಕಿಂತ ಕಡಿಮೆಯಿದ್ದರೆ ಸತ್ತ ಸಿಪ್ಪೆಯನ್ನು ಚಾಕುವಿನಿಂದ ಹಸಿರು ಕಾಣುವವರೆಗೆ ಹೆರೆದು, ಒಂದು ಹೊತ್ತು ಗಾಳಿಗೆ ಬಿಟ್ಟು ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂನಂತೆ ಕಲಸಿ ಮೂರು ನಾಲ್ಕು ಲೀಟರ್ ಹೊಯ್ಯಿರಿ. ಅಕ್ಕಪಕ್ಕದ ಆರೋಗ್ಯವಾಗಿರುವ ಬಳ್ಳಿಗೂ ಹೊಯ್ಯಿರಿ, ನಿಜವಾದ ಉಪಯೋಗ ಆಗುವುದು ಅವಕ್ಕೇ. ಸುತ್ತಲೂ ಕೊಳೆತಿದ್ದರೆ ಬೇರು ಸಮೇತ ಕಿತ್ತುಬಿಡಿ.

ಔಷಧಕ್ಕಿಂತ ಮುಖ್ಯ ನೀರು ಹೋಗುವ ದಾರಿ. ಸಾಲಿನ ಮಧ್ಯೆ ಒಂದು ಅಡಿ ಆಳದ ಬಸಿಗಾಲುವೆ ತೆಗೆಯಿರಿ, ಬುಡ ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿರಲಿ. ಬುಡಕ್ಕೆ ಒತ್ತಿ ಹಾಕಿದ ತರಗೆಲೆ, ಸಗಣಿ, ಕಾಫಿ ಸಿಪ್ಪೆ ಎಲ್ಲವನ್ನೂ ಒಂದು ಗೇಣು ದೂರ ಸರಿಸಿ. ಬೇಸಿಗೆಯಲ್ಲಿ ಬಳ್ಳಿಯನ್ನು ಕಾಯುವ ಅದೇ ಮುಚ್ಚಿಗೆ ಜುಲೈಯಲ್ಲಿ ಕಾಂಡವನ್ನು ಒದ್ದೆಬಟ್ಟೆ ಸುತ್ತಿದ ಹಾಗೆ ಇಡುತ್ತದೆ. ಆ ವರ್ಷ ಉಳಿದ ನಮ್ಮ ಹದಿನೆಂಟು ಬಳ್ಳಿಗಳಲ್ಲಿ ಹದಿನೈದು ಚಪ್ಪರದ ಮೇಲ್ಬದಿಯವು, ನೀರು ತಾನಾಗಿ ಹರಿದುಹೋಗುವ ಕಡೆಯವು.

ಬಳ್ಳಿ ಕಿತ್ತಾಗ ಬೇರನ್ನು ತೊಳೆದು ನೋಡುವುದನ್ನು ಮರೆಯಬೇಡಿ. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದರೆ ಮಣ್ಣಿನ ಜಂತುಹುಳ (ನೆಮಟೋಡ್) ಸೇರಿದೆ ಎಂದರ್ಥ. ಅದು ಮಾಡಿದ ಗಾಯದಲ್ಲಿ ಸೊರಗು ರೋಗವೂ ಸುಲಭವಾಗಿ ಒಳಹೋಗುತ್ತದೆ. ಬೇವಿನ ಹಿಂಡಿ ಹಾಕಿ, ಸಾಲಿನ ನಡುವೆ ಚೆಂಡು ಹೂ ಬೆಳೆಸಿ.

ಈಗ ಎಲೆಯ ಚುಕ್ಕೆ. ಮಳೆಗಾಲದಲ್ಲಿ ಅತಿ ಹೆಚ್ಚು ಕಾಣುವುದು ಆಲ್ಟರ್ನೇರಿಯ ಎಂಬ ಶಿಲೀಂಧ್ರದ ಕಂದು ಚುಕ್ಕೆ ರೋಗ. ಸೂಜಿಮೊನೆಯಷ್ಟು ಶುರುವಾಗಿ ದೊಡ್ಡದಾಗುತ್ತದೆ, ನಡುವೆ ಬಣ್ಣ ತಿಳಿಯಾಗುತ್ತದೆ, ಎಲೆ ಉದುರುತ್ತದೆ. ಎಲೆ ಉದುರಿದ್ದು ಅಷ್ಟು ದೊಡ್ಡ ನಷ್ಟವಲ್ಲ, ಮತ್ತೆ ಚಿಗುರುತ್ತದೆ. ಎಲೆ ತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಉದ್ದನೆಯ ಕಪ್ಪು ಕಲೆ ಬಿದ್ದರೆ ಜೋಪಾನ. ಆ ಕಲೆ ಕಾಂಡವನ್ನು ಸುತ್ತಿಕೊಂಡರೆ ಅಲ್ಲಿಂದ ಮುಂದಿನ ಬಳ್ಳಿ ಒಣಗುತ್ತದೆ. ಕಾಯಿಯ ಮೇಲೆ ಕುಳಿಬಿದ್ದ ದುಂಡು ಕಲೆಯಾಗಿ, ಸುತ್ತ ಸಿಪ್ಪೆ ಸುಕ್ಕುಗಟ್ಟಿ, ಕಾಯಿ ಉದುರುತ್ತದೆ. ಚುಕ್ಕೆಯೊಳಗೆ ಸಾಸಿವೆಗಿಂತಲೂ ಸಣ್ಣ ಕಪ್ಪು ಬಿಂದುಗಳು ಭೂತಗನ್ನಡಿಯಲ್ಲಿ ಕಂಡರೆ ಅದು ಸೆಪ್ಟೋರಿಯ. ಕಾಯಿಯ ಮೇಲೆ ಕಜ್ಜಿಯ ಹಾಗೆ ಉಬ್ಬಿದ್ದರೆ ಹುರುಕು ರೋಗ, ಅದು ಸಿಪ್ಪೆಗಷ್ಟೇ, ಒಳಗಿನ ರಸಕ್ಕೆ ಏನೂ ಆಗುವುದಿಲ್ಲ. ಮೂರಕ್ಕೂ ಕ್ರಮ ಒಂದೇ, ಹೆಸರಿಗಾಗಿ ತಲೆ ಕೆಡಿಸಿಕೊಳ್ಳಬೇಡಿ. ಎಳೆಗಾಯಿಗೆ ಹಣ್ಣು ನೊಣ ಚುಚ್ಚಿದ ಕಡೆಯೂ ಗಟ್ಟಿ ಗುಬುಟು ಏಳುತ್ತದೆ, ಅದನ್ನು ರೋಗ ಎಂದುಕೊಂಡು ಔಷಧ ಹೊಡೆದವರನ್ನು ನೋಡಿದ್ದೇನೆ.

ಕ್ರಮ ಎಂದರೆ ಮೊದಲು ಕತ್ತರಿ. ಪ್ಯಾಶನ್ ಬಳ್ಳಿ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಕತ್ತರಿಸಲು ಕೈ ಹಿಂದೆಗೆಯಬೇಕಾಗಿಲ್ಲ. ಎರಡು ವರ್ಷದ ಚಪ್ಪರ ಎಂದರೆ ಮೇಲೆ ಕಂಬಳಿ ಹೊದಿಸಿದ ಹಾಗೆ ದಟ್ಟವಾಗಿರುತ್ತದೆ, ಒಳಗೆ ಒಣಗಿದ ಬಳ್ಳಿಯ ಗೂಡು. ಫಸಲು ಮುಗಿದ ಮೇಲೆ ಮುಖ್ಯ ಕಾಂಡ ಮತ್ತು ತಂತಿಯ ಮೇಲಿನ ದಪ್ಪ ಕವಲುಗಳನ್ನು ಬಿಟ್ಟು, ಇಳಿಬಿದ್ದ ಬಳ್ಳಿಗಳನ್ನು ನಾಲ್ಕೈದು ಗಿಣ್ಣು ಉಳಿಸಿ ಕತ್ತರಿಸಿ. ಕೆಳಗೆ ನಿಂತು ನೋಡಿದರೆ ಅಲ್ಲಲ್ಲಿ ಆಕಾಶ ಕಾಣಬೇಕು. ಕತ್ತರಿಸಿದ್ದು, ಉದುರಿದ ಎಲೆ, ಕೊಳೆತ ಕಾಯಿ ಎಲ್ಲ ಚಪ್ಪರದ ಕೆಳಗಿನಿಂದ ಹೊರಗೆ ಹೋಗಲಿ. ಮಳೆ ಹನಿ ನೆಲಕ್ಕೆ ಬಿದ್ದು ಸಿಡಿದಾಗ ರೋಗದ ಕಣ ಮತ್ತೆ ಮೇಲಕ್ಕೆ ಬರುವುದು ಅಲ್ಲಿಂದಲೇ.

ಆಮೇಲೆ ಬೋರ್ಡೋ. ಮೆಣಸು ಬೆಳೆಯುವ ಮನೆಯಾದರೆ ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಏಕೆಂದರೆ ಅರ್ಧ ಜನ ಕೆಡಿಸುವುದು ಕಲಸುವಾಗ. ಶೇಕಡಾ 1ರ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ನಿಮ್ಮ ಹನ್ನೆರಡು ಬಳ್ಳಿಗೆ ಇಷ್ಟು ಬೇಡ, ಇದೇ ಲೆಕ್ಕದಲ್ಲಿ ಐದನೇ ಒಂದು ಪಾಲು ಸಾಕು. ಹೊಳೆಯುವ ಹಾಗೆ ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹತ್ತಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಹಾಗೇ ಹೊಡೆದರೆ ಚಿಗುರು ಸುಟ್ಟುಹೋಗುತ್ತದೆ. ಕಲಸಿದ ದಿನವೇ ಮುಗಿಸಬೇಕು. ಮೊದಲು ಒಂದು ಬಳ್ಳಿಗೆ ಹೊಡೆದು ಎರಡು ದಿನ ಬಿಟ್ಟು ಉಳಿದವಕ್ಕೆ ಹೊಡೆಯಿರಿ.

ಇದು ರೋಗ ಬಾರದಂತೆ ತಡೆಯುವ ಹೊದಿಕೆ. ಈಗಾಗಲೇ ಬಿದ್ದ ಚುಕ್ಕೆ ಇದರಿಂದ ಮಾಯವಾಗುವುದಿಲ್ಲ. ಹಾಗಾಗಿ ಮೇ ಕೊನೆಯಲ್ಲಿ, ಮುಂಗಾರು ಹಿಡಿಯುವ ಮುಂಚೆ, ಎಲೆಯ ಎರಡೂ ಬದಿ ನೆನೆಯುವ ಹಾಗೆ ಒಂದು ಸಲ. ಜುಲೈಯಲ್ಲಿ ಬಿಸಿಲು ಇಣುಕಿದ ಒಂದೆರಡು ದಿನ ಸಿಕ್ಕರೆ ಇನ್ನೊಂದು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ಇಳಿದ ಮೇಲೆ ಮತ್ತೊಂದು. ಧಾರಾಕಾರ ಸುರಿಯುವಾಗ ನಡುವೆ ಹೊಡೆದರೆ ಔಷಧ ಹೊಳೆಗೆ ಹೋಗುತ್ತದೆ, ಅಷ್ಟೇ. ನೇರಳೆ ಬಣ್ಣದ ಹಣ್ಣು ಬಿಡುವ ಪ್ಯಾಶನ್ ತಳಿಯ ಹೂ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ, ಹಳದಿಯದ್ದು ಮಧ್ಯಾಹ್ನದ ಹೊತ್ತಿಗೆ ಅರಳುತ್ತದೆ. ಅದನ್ನು ನೋಡಿಕೊಂಡು ಹೂ ಮುಚ್ಚಿರುವ ಹೊತ್ತಿನಲ್ಲಿ ಸಿಂಪಡಿಸಿ. ಹಳದಿಗಂತೂ ಬೇರೆ ಬಳ್ಳಿಯ ಪರಾಗ ಬೇಕೇ ಬೇಕು, ಆ ದೊಡ್ಡ ಕಪ್ಪು ದುಂಬಿಗಳು ಬಾರದಿದ್ದರೆ ಕಾಯಿಯೇ ಕಚ್ಚುವುದಿಲ್ಲ.

ಮಳೆಗಾಲ ಮುಗಿದ ಮೇಲೆ, ಮಣ್ಣಿನ ರೋಗಾಣುಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯ ಜೊತೆ ಕಲಸಿ, ನೆರಳಿನಲ್ಲಿ ತೇವವಾಗಿ ಎರಡು ವಾರ ಇಟ್ಟು ಬುಡದ ಸುತ್ತ ಹಾಕುತ್ತೇವೆ. ಅದೂ ಒಂದು ಶಿಲೀಂಧ್ರವೇ ಆದ್ದರಿಂದ ತಾಮ್ರದ ಔಷಧ ಹೊಯ್ದ ಬೆನ್ನಿಗೇ ಹಾಕಬಾರದು. ಮೂರು ವಾರವಾದರೂ ಅಂತರವಿರಲಿ.

ಇನ್ನು ಆ ಗಟ್ಟಿ ಕಾಯಿಯ ಬಳ್ಳಿ. ಇದನ್ನು ಬರೆಯಲು ನನಗೆ ಸ್ವಲ್ಪ ಕಷ್ಟ.

ಅದರ ಎಳೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕಡು ಹಸಿರು, ತಿಳಿ ಹಸಿರು ತೇಪೆ ಹಾಕಿದ ಹಾಗೆ ಕಂಡರೆ, ಎಲೆ ಸೊಟ್ಟಗಾಗಿದ್ದರೆ, ಕಾಯಿ ಕೊಯ್ದಾಗ ಸಿಪ್ಪೆ ದಪ್ಪವಾಗಿ ಒಳಗೆ ರಸದ ಜಾಗ ಚಿಕ್ಕದಾಗಿದ್ದರೆ ಅದು ವೈರಸ್. ಕಾಯಿ ಕಟ್ಟಿಗೆಯಂತಾಗುವ ರೋಗ ಎನ್ನುತ್ತಾರೆ. ಸಸ್ಯಹೇನು ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಒಯ್ಯುತ್ತದೆ, ಅದೂ ಒಮ್ಮೆ ಚುಚ್ಚಿದರೆ ಸಾಕು. ಕೀಟನಾಶಕ ತಗುಲಿ ಹೇನು ಸಾಯುವಷ್ಟರಲ್ಲಿ ವೈರಸ್ ದಾಟಿರುತ್ತದೆ. ಬಿಸಿಲುಕಾಲದಲ್ಲಿ ಎಲೆ ಸರಿಹೋದಂತೆ ಕಂಡು ನಾವು ಮೋಸಹೋಗುತ್ತೇವೆ, ಚಳಿ ಬಂದಾಗ ಮತ್ತೆ ಕಾಣುತ್ತದೆ.

ನಮ್ಮ ಮನೆಯಲ್ಲಿ ಅಂಥ ಬಳ್ಳಿ ಒಂದಿತ್ತು, ಅಮ್ಮ ನೆಟ್ಟದ್ದು. ಅಮ್ಮ ಹೋದ ಮೇಲೆ ಅದನ್ನು ಕೀಳಲು ಯಾರಿಗೂ ಮನಸ್ಸು ಬರಲಿಲ್ಲ. ಆ ವರ್ಷ ಅದರಿಂದಲೇ ಶುರುಮಾಡಿ ಅದೇ ಕತ್ತರಿಯಲ್ಲಿ ಇಡೀ ಸಾಲನ್ನು ಸವರಿದೆ. ಮುಂದಿನ ಚಳಿಗಾಲದಲ್ಲಿ ಎಲೆ ತೇಪೆಯಾದದ್ದು ನಾನು ಕತ್ತರಿಸಿದ ಕ್ರಮದಲ್ಲೇ, ಒಂದರ ಪಕ್ಕ ಒಂದು, ಆರು ಬಳ್ಳಿ. ಅಷ್ಟರಲ್ಲಿ ಅತ್ತಿಗೆ ಅದರ ಕಡ್ಡಿಯನ್ನು ತವರಿಗೂ ಒಯ್ದಿದ್ದರು. ಅಲ್ಲಿಯೂ ಅದೇ ಕಥೆ ಆಯಿತು.

ನಿಮ್ಮಲ್ಲಿ ಈಗ ಒಂದೇ ಬಳ್ಳಿಗಿದೆ. ಈ ವಾರವೇ ಕಿತ್ತು, ಒಣಗಿಸಿ ಸುಟ್ಟುಬಿಡಿ. ಕತ್ತರಿಯನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಅದ್ದಿ, ಪ್ರತಿ ಬಳ್ಳಿಗೂ ಅದ್ದಿ ಅದ್ದಿ ಬಳಸಿ. ಅನುಮಾನದ ಬಳ್ಳಿ ಕೊನೆಗಿರಲಿ. ಚಪ್ಪರದ ಪಕ್ಕ ಅಲಸಂದೆ, ಸೌತೆ ಬೆಳೆಯಬೇಡಿ, ಇಂಥ ವೈರಸ್ಸುಗಳಿಗೆ ಅವೂ ಮನೆ.

ಖಾಲಿಯಾದ ಜಾಗಕ್ಕೆ ಹೊಸ ಗಿಡ ತರುವಾಗ, ಸೊರಗು ರೋಗ ಬಂದಿದ್ದ ಗುಂಡಿಯಲ್ಲಿ ಮತ್ತೆ ಪ್ಯಾಶನ್ ನೆಡಬೇಡಿ, ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಹಳದಿ ತಳಿಯ ಬೇರಿನ ಮೇಲೆ ನೇರಳೆಯನ್ನು ಕಸಿ ಕಟ್ಟಿದ ಗಿಡ ಸೊರಗನ್ನು ಚೆನ್ನಾಗಿ ತಾಳುತ್ತದೆ. ನಮ್ಮ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲೇ ನೇರಳೆ ಮತ್ತು ಹಳದಿಯನ್ನು ಕೂಡಿಸಿ ಬೆಳೆಸಿದ ಕಾವೇರಿ ತಳಿ ಇದೆ. ಕಂದು ಚುಕ್ಕೆ, ಬುಡ ಕೊಳೆ, ಸೊರಗು, ಜಂತುಹುಳ ಇವನ್ನು ಬೇರೆಯವಕ್ಕಿಂತ ಹೆಚ್ಚು ಸಹಿಸುವ ತಳಿ ಅದು. 2018ರ ನಂತರ ನಾವು ಹಾಕಿದ್ದು ಅದನ್ನೇ. ಆದರೂ ಬಸಿಗಾಲುವೆ ತಪ್ಪಿಸಿಲ್ಲ. ಬಾಡಿದ ಬಳ್ಳಿಯ ಬುಡವನ್ನು ಬೇರು, ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿಕೊಂಡು ಚೆಟ್ಟಳ್ಳಿಗೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ. ನನ್ನ ಹಾಗೆ ಒಂದು ಎಲೆ ಮಾತ್ರ ಹಿಡಿದುಕೊಂಡು ಹೋಗಬೇಡಿ.

ಮಕ್ಕಳ ವಿಷಯ ಕೇಳಿದ್ದೀರಿ. ಗಟ್ಟಿ ಕಾಯಿಯ ವೈರಸ್ ಗಿಡಗಳದ್ದು, ಮನುಷ್ಯರಿಗೆ ತಗಲುವುದಿಲ್ಲ. ಬಳ್ಳಿ ಕೀಳುವ ಮೊದಲು ಹಣ್ಣಾದದ್ದಿದ್ದರೆ ತೆಗೆದು ಶರಬತ್ತು ಮಾಡಿಕೊಡಿ, ರಸ ಕಡಿಮೆ ಸಿಗುತ್ತದೆ, ಅಷ್ಟೇ. ಔಷಧ ಹೊಡೆದ ಬಳ್ಳಿಯದ್ದಾದರೆ ಡಬ್ಬದ ಮೇಲೆ ಬರೆದಷ್ಟು ದಿನ ಕಾದು, ಸಿಪ್ಪೆಯನ್ನು ಚೆನ್ನಾಗಿ ತೊಳೆದು ಆಮೇಲೆ ಕೊಯ್ಯಿರಿ. ಸಿಪ್ಪೆಯ ಮೇಲಿನ ನೀಲಿ ಪುಡಿ ಚಾಕುವಿನ ಜೊತೆ ಒಳಗೆ ಹೋಗುತ್ತದೆ.