ಎಷ್ಟು ತಿಂದರೂ ಮೈ ಹತ್ತುತ್ತಿಲ್ಲ ಅಂದರೆ

ಆರು ತಿಂಗಳು ಜಿಮ್‌ಗೆ ಹೋದರೂ ತೂಕ 52 ಕೆಜಿಯಲ್ಲೇ ನಿಂತಿದೆ, ಹೊಟ್ಟೆ ತುಂಬಾ ತಿಂತೀನಿ ಅಂತ ಬರೆದಿದ್ದೀರಿ. ಬೇಸರ ಅರ್ಥವಾಗುತ್ತೆ. ಆದರೆ ಹೊಟ್ಟೆ ತುಂಬಿತು ಅನ್ನೋದು ಅಳತೆಯಲ್ಲ. ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲ ಬರೆದಿಡಿ. ನಾನೂ ಸಣಕಲು ದೇಹದವನೇ; ಹಾಗೆ ಬರೆದಾಗಲೇ ಗೊತ್ತಾಗಿದ್ದು, ಭಾನುವಾರ ಗಡದ್ದಾಗಿ ಉಂಡು ಸೋಮವಾರ, ಮಂಗಳವಾರ ಅರೆಹೊಟ್ಟೆಯಲ್ಲೇ ಇರುತ್ತಿದ್ದೆ ಅಂತ.

ಈಗಿನದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲರಿ ಹೆಚ್ಚಿಸಿ. ಹಸಿವಿಲ್ಲದಿದ್ದರೆ ಕುಡಿಯೋದು ಸುಲಭ: ಹಾಲು, ಬಾಳೆಹಣ್ಣು, ಒಂದು ಚಮಚ ಕಡಲೆಕಾಯಿ ಬೆಣ್ಣೆ ಸೇರಿಸಿ ರುಬ್ಬಿದ ಒಂದು ದೊಡ್ಡ ಲೋಟ. ಪ್ರೋಟೀನ್ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ, ಅಂದರೆ ನಿಮಗೆ 83 ಗ್ರಾಂ.

ಜಿಮ್‌ನಲ್ಲಿ ಸ್ಕ್ವಾಟ್ (ಭಾರ ಹೊತ್ತು ಕುಳಿತೇಳೋದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು), ಪ್ರೆಸ್ (ಭಾರ ತಳ್ಳೋದು), ರೋ (ಭಾರ ಮೈಕಡೆ ಎಳೆಯೋದು) ವಾರಕ್ಕೆ ಮೂರು ದಿನ ಸಾಕು. ಎತ್ತಿದ ಭಾರ, ಎಷ್ಟು ಸಲ ಎತ್ತಿದಿರಿ ಅನ್ನೋದನ್ನ ನೋಟ್‌ಬುಕ್‌ನಲ್ಲಿ ಬರೆಯಿರಿ. ಅದು ಏರದಿದ್ದರೆ ಸ್ನಾಯುವೂ ಬೆಳೆಯಲ್ಲ. ನಿದ್ದೆ ಕೆಡಿಸಿಕೊಳ್ಳಬೇಡಿ.

ವಾರಕ್ಕೆ 200 ಗ್ರಾಂ ಏರಿದರೂ ಒಳ್ಳೆಯದೇ. ಎರಡು ವಾರ ತೂಕದ ಮುಳ್ಳು ಅಲುಗದಿದ್ದರೆ ಇನ್ನೊಂದು ಲೋಟ ಸೇರಿಸಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮಾತ್ರ ಮೊದಲು ವೈದ್ಯರ ಹತ್ತಿರ ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ, ದಯವಿಟ್ಟು.