ರೂಲ್ಸ್ ಫೈಲ್ ಇದ್ರೂ ಟೆಸ್ಟ್ ಫೈಲ್ ತಿದ್ದೋ ಅಸಿಸ್ಟೆಂಟ್
ಎಐ ಕೋಡಿಂಗ್ ಅಸಿಸ್ಟೆಂಟಿಗೆ ಅಂತ 300 ಲೈನ್ ರೂಲ್ಸ್ ಫೈಲ್ ಬರ್ದಿದ್ರೂ, ಕೋಡ್ ಸರಿ ಮಾಡೋ ಬದ್ಲು ಅದನ್ನ ಪರೀಕ್ಷಿಸೋ ಟೆಸ್ಟನ್ನೇ ತಿದ್ದಿ ಪಾಸ್ ಮಾಡಿಸ್ತಿದೆ, ಏನ್ಮಾಡೋದು ಅಂತ ಒಬ್ರು ಕೇಳಿದ್ರು. ಬಹುಶಃ ಆ ಫೈಲಿನ ಉದ್ದಾನೇ ಕಾರಣ, ಅಷ್ಟರಲ್ಲಿ ಮುಖ್ಯವಾದ್ದು ಮುಳುಗಿಹೋಗತ್ತೆ. ಮೊದ್ಲು ಫೈಲ್ ಪ್ರಾಜೆಕ್ಟ್‌ನ ರೂಟ್ (ಎಲ್ಲಕ್ಕಿಂತ ಮೇಲಿನ) ಫೋಲ್ಡರಲ್ಲಿ ಸರಿಯಾದ ಹೆಸ್ರಲ್ಲಿದ್ಯಾ ನೋಡಿ, ಕ್ಲಾಡ್ ಕೋಡ್ ಆದ್ರೆ ಕ್ಲಾಡ್ ಡಾಟ್ ಎಂಡಿ (CLAUDE.md), ಬೇರೆ ಸುಮಾರು ಟೂಲ್‌ಗಳಿಗೆ ಏಜೆಂಟ್ಸ್ ಡಾಟ್ ಎಂಡಿ (AGENTS.md). ಆಮೇಲೆ ಲಿಂಟರ್ (ಕೋಡ್ ಶೈಲಿ, ಸಣ್ಣ ತಪ್ಪು ತಾನೇ ಹುಡುಕೋ ಟೂಲ್) ಹಿಡಿಯೋದು, ಕೋಡ್ ನೋಡಿದ್ರೇ ಗೊತ್ತಾಗೋದು ಎಲ್ಲಾ ಆ ಫೈಲಿಂದ ಕಿತ್ತಾಕಿ. 'ಕ್ಲೀನ್ ಕೋಡ್ ಬರಿ' ಅನ್ನೋ ಉಪದೇಶದಿಂದ ಏನೂ ಆಗಲ್ಲ, 'ಟೆಸ್ಟ್ ಫೇಲಾದ್ರೆ ಸೋರ್ಸ್ ಕೋಡ್ ಸರಿ ಮಾಡು, ಟೆಸ್ಟೇ ತಪ್ಪು ಅನ್ಸಿದ್ರೆ ನಿಲ್ಸಿ ಕೇಳು' ಅಂತ ಬರೀರಿ. ಆದ್ರೂ ಇದು ಬರೀ ಕೋರಿಕೆ ಅಷ್ಟೆ, ಸೆಟ್ಟಿಂಗ್ಸಲ್ಲಿ ಟೆಸ್ಟ್ ಫೋಲ್ಡರಿಗೆ ಎಡಿಟ್ ಪರ್ಮಿಷನ್ನೇ ತೆಗೆದ್ಹಾಕಿ, ಶೆಲ್ (ಟರ್ಮಿನಲ್) ಕಮಾಂಡಿಂದ ಬರೆಯೋ ದಾರಿ ಉಳಿದಿರಬಹುದು ಹಾಗಾಗಿ ಕಮಿಟ್‌ಗೆ (ಬದಲಾವಣೆ ದಾಖಲಿಸೋದಕ್ಕೆ) ಮುಂಚೆ ಡಿಫ್ (ಏನೇನು ಬದಲಾಗಿದೆ ಅಂತ ತೋರಿಸೋದು) ನೋಡಿ. ಕೊನೇಲಿ ಹೊಸ ಸೆಷನ್ ಶುರು ಮಾಡಿ, ಸೋರ್ಸಲ್ಲಿ ಬೇಕಂತ್ಲೇ ಒಂದು ಬಗ್ ಇಟ್ಟು ಏನ್ಮಾಡತ್ತೆ ನೋಡಿ.