ವರ್ಗ ಕೂಡ ಆಯತವೇ ಅಲ್ವಾ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಟ್ಯೂಷನ್ ಟೆಸ್ಟ್‌ನಲ್ಲಿ ‘ವರ್ಗವೂ ಒಂದು ಆಯತ’ ಎಂದು ಬರೆದಿದ್ದಕ್ಕೆ ಮೇಷ್ಟ್ರು ತಪ್ಪು ಹಾಕಿದ್ದಾರೆ. ಯಾರದ್ದು ಸರಿ? ಇನ್ನೊಂದು, ವ್ಯಾಖ್ಯೆಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಯಾವುದೋ ಒಂದು ಪದ ಬಿಟ್ಟು ಬರೆಯುತ್ತಾಳೆ. ಏನು ಮಾಡೋದು?
ಒಬ್ಬ ತಾಯಿ, ಹಾಸನ

ಉತ್ತರ: ಮಗಳದ್ದೇ ಸರಿ. ಒಂದು ಕೋನ ಲಂಬಕೋನವಾಗಿರುವ ಸಮಾಂತರ ಚತುರ್ಭುಜವೇ ಆಯತ, ಅಷ್ಟೇ. ಉದ್ದ ಜಾಸ್ತಿ, ಅಗಲ ಕಮ್ಮಿ ಇರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಹಾಗಂತ ಮೇಷ್ಟ್ರನ್ನು ಬೈಯಬೇಡಿ, ಸುಮಾರು 2300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ಅವರ ಹಾಗೇ ವರ್ಗವನ್ನೂ ಆಯತವನ್ನೂ ಬೇರೆ ಬೇರೆ ಇಟ್ಟಿದ್ದ. ಸಮದ್ವಿಬಾಹು ತ್ರಿಭುಜಕ್ಕೂ ‘ಎರಡೇ ಬಾಹು ಸಮ’ ಅಂದಿದ್ದ. ಈಗ ‘ಕನಿಷ್ಠ ಎರಡು’ ಅನ್ನುತ್ತೇವೆ. ಕಾರಣ ಸೋಮಾರಿತನ ಅಂದರೂ ನಡೆಯುತ್ತೆ: ಆಯತದ ಕರ್ಣಗಳು (ಎದುರುಬದುರು ಮೂಲೆ ಸೇರಿಸುವ ಗೆರೆಗಳು) ಸಮ ಅಂತ ಒಂದು ಸಲ ಸಾಧಿಸಿದರೆ ಸಾಕು, ವರ್ಗಕ್ಕೆ ಅದನ್ನೇ ಮತ್ತೆ ಸಾಧಿಸಬೇಕಾಗಿಲ್ಲ.

ನನ್ನ ಪ್ರಕಾರ ಎಡವಟ್ಟಾಗುವುದು ಚಿತ್ರದಿಂದ. ಆಯತ ಅಂದ ಕೂಡಲೇ ನಾವು ಬೋರ್ಡ್ ಮೇಲೆ ಮಲಗಿಸಿಟ್ಟ ಇಟ್ಟಿಗೆ ಥರ ಬರೆಯುತ್ತೇವೆ. ವರ್ಗವನ್ನು ಮೂಲೆಯ ಮೇಲೆ ನಿಲ್ಲಿಸಿ ನೋಡಿ, ಇಸ್ಪೀಟಿನ ಡೈಮಂಡ್ ಥರ ಕಾಣುತ್ತೆ, ಅರ್ಧ ಕ್ಲಾಸು ‘ವಜ್ರಾಕೃತಿ’ ಅಂತ ಕೂಗುತ್ತದೆ. (ಅದೂ ತಪ್ಪಲ್ಲ, ನಾಲ್ಕೂ ಬಾಹು ಸಮ ಇರುವ ಚತುರ್ಭುಜವೇ ವಜ್ರಾಕೃತಿ, ಹಾಗಾಗಿ ವರ್ಗ ವಜ್ರಾಕೃತಿಯೂ ಹೌದು. ಆದರೆ ಅವರು ಕೂಗುವುದು ಆ ಕಾರಣಕ್ಕಲ್ಲ!)

ಬಾಯಿಪಾಠ ಬಿಡಿಸಿ. ಅವಳು ವ್ಯಾಖ್ಯೆ ಹೇಳಲಿ, ನೀವು ಅದನ್ನು ಕೆಡಿಸಲು ನೋಡಿ. ‘ನಾಲ್ಕು ಬಾಹು ಸಮ ಇದ್ದರೆ ವರ್ಗ’ ಅಂದಳಾ? ಮದ್ದು ಕೆರೆದು ತೆಗೆದ ನಾಲ್ಕು ಬೆಂಕಿಕಡ್ಡಿ ತಗೊಳ್ಳಿ, ಸೈಕಲ್ ವಾಲ್ವ್ ಟ್ಯೂಬನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಒಂದೊಂದು ಮೂಲೆಗೂ ಒಂದೊಂದು ತುಂಡು ಸಿಕ್ಕಿಸಿ, ಕಡ್ಡಿಗಳನ್ನು ಜೋಡಿಸಿ. ಆಮೇಲೆ ಒಂದು ಮೂಲೆ ಹಿಡಿದು ಎಳೆಯಿರಿ. ಓರೆಯಾಗಿ ವಾಲಿಕೊಳ್ಳುತ್ತದೆ. ಬಾಹು ನಾಲ್ಕೂ ಸಮವೇ, ವರ್ಗ ಮಾತ್ರ ಮಾಯ. ಕೋನದ ಮಾತೇ ಎತ್ತಲಿಲ್ಲವಲ್ಲ ಅಂತ ಅವಳಿಗೇ ಹೊಳೆಯುತ್ತದೆ.

ವೃತ್ತಕ್ಕೆ ಬನ್ನಿ. ‘ಒಂದು ಬಿಂದುವಿನಿಂದ ಸಮ ದೂರದಲ್ಲಿರುವ ಬಿಂದುಗಳು’ ಅಂದರೆ ಕೈವಾರವನ್ನು ಅರ್ಧ ಸುತ್ತಿಸಿ ನಿಲ್ಲಿಸಿ. ಇದೂ ವೃತ್ತವಾ ಅಂತ ಕೇಳಿ. ‘ಎಲ್ಲಾ ಬಿಂದುಗಳು’ ಅಂತ ತಿದ್ದಿಕೊಳ್ಳುತ್ತಾಳೆ. ಆಗ ಒಂದು ಚೆಂಡು ತಂದು ಮುಂದಿಡಿ, ಅದರ ಮೈಮೇಲಿನ ಬಿಂದುಗಳೆಲ್ಲ ನಡುಮಧ್ಯದಿಂದ ಒಂದೇ ದೂರ ತಾನೆ? ಹಾಗಾಗಿ ‘ಒಂದೇ ಸಮತಲದಲ್ಲಿ’ ಅನ್ನುವುದೂ ಬೇಕು. ಪರೀಕ್ಷೆಯಲ್ಲಿ ಅವಳಿಗೆ ಆ ಚೆಂಡು ನೆನಪಾದರೆ ಸಾಕು.

ಪ್ರಶ್ನೆ: ಎಲ್ಲದಕ್ಕೂ ವ್ಯಾಖ್ಯೆ ಇದೆ, ಬಿಂದುವಿಗೆ ಮಾತ್ರ ಸಿಗುತ್ತಿಲ್ಲ. ಏನು ಸರ್?
ಹತ್ತನೇ ತರಗತಿ ವಿದ್ಯಾರ್ಥಿ, ಶಿರಸಿ

ಉತ್ತರ: ಹುಡುಕಬೇಡಪ್ಪ. ‘ಭಾಗಗಳೇ ಇಲ್ಲದ್ದು ಬಿಂದು’ ಅಂದ ಯೂಕ್ಲಿಡ್. ಭಾಗ ಅಂದರೇನು ಅಂತ ಕೇಳಿದರೆ ಮುಗೀತು! ಒಂದು ಪದ ವಿವರಿಸಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು, ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. 1899ರಲ್ಲಿ ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ ಬಿಂದು, ರೇಖೆ, ಸಮತಲ ಮೂರಕ್ಕೂ ವ್ಯಾಖ್ಯೆಯನ್ನೇ ಕೊಡದೆ, ಅವು ಪಾಲಿಸಬೇಕಾದ ನಿಯಮಗಳನ್ನಷ್ಟೇ ಬರೆದಿಟ್ಟ.

ಪ್ರಶ್ನೆ: ಯೂಟ್ಯೂಬಿನ ಹಿಂದಿ ಪಾಠದಲ್ಲಿ ಲಂಬಕೋನ ತ್ರಿಭುಜದ ದೊಡ್ಡ ಬಾಹುವನ್ನು ‘ಕರ್ಣ’ ಅಂತಾರೆ. ನಮ್ಮ ಪುಸ್ತಕದಲ್ಲಿ ‘ವಿಕರ್ಣ’ ಇದೆ. ಯಾವುದು ತಪ್ಪು?
ಓದುಗರು, ಬೀದರ್

ಉತ್ತರ: ಎರಡೂ ಸರಿ. ನಮ್ಮಲ್ಲಿ ಚತುರ್ಭುಜದ ಎದುರುಬದುರು ಮೂಲೆ ಸೇರಿಸುವುದು ಕರ್ಣ, ಲಂಬಕೋನಕ್ಕೆ ಎದುರಿನ ಬಾಹು ವಿಕರ್ಣ. ಹಿಂದಿಯಲ್ಲಿ ಪೂರಾ ಉಲ್ಟಾ. ವಿಡಿಯೋ ನೋಡಿ, ಆದರೆ ಉತ್ತರ ಪತ್ರಿಕೆಯಲ್ಲಿ ಕನ್ನಡದ್ದನ್ನೇ ಬರೆಯಿರಿ.